ಬಾಗಿಲು ತೆರೆದರೆ ಸಾಲದು, ಮೆಟ್ಟಿಲೂ ಬೇಕು

ಪುತ್ತೂರಿನ ಗೇರುಬೀಜದ ಕಾರ್ಖಾನೆಯಲ್ಲಿ, ಸುಳ್ಯದ ರಬ್ಬರು ತೋಟದಲ್ಲಿ, ಕಡಬದ ಅಂಗಡಿಯಲ್ಲಿ ದುಡಿಯುವವರ ಪೈಕಿ ಎಳೆಯದರಲ್ಲೇ ಶಾಲೆ ಬಿಟ್ಟವರೆಷ್ಟು ಮಂದಿ! ಬುದ್ಧಿ ಸಾಲದೆ ಬಿಟ್ಟವರಲ್ಲ. ಮನೆಯ ಒಲೆ ಉರಿಯಬೇಕೆಂದು ಬಿಟ್ಟವರು. ಇವರಿಗೆ ಪದವಿಯ ಬಾಗಿಲು ಜೀವಮಾನವಿಡೀ ಮುಚ್ಚಿಯೇ ಇರಬೇಕೆ?

ಬ್ರಿಟನ್ನಿನಲ್ಲಿ ಲೇಬರ್ ಸರಕಾರ 1969ರಲ್ಲಿ ಸ್ಥಾಪಿಸಿದ ಮುಕ್ತ ವಿಶ್ವವಿದ್ಯಾನಿಲಯವು ಯಾರ ಹಳೆಯ ಸರ್ಟಿಫಿಕೇಟನ್ನೂ ಕೇಳದೆ, ಅಡಿಪಾಯದ ಪಾಠಗಳಿಂದಲೇ ಕಲಿಸಲು ಆರಂಭಿಸಿತು. ನಮ್ಮಲ್ಲಿಯೂ, 1985ರಲ್ಲಿ ಹುಟ್ಟಿದ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾನಿಲಯವು ಪಿಯುಸಿ ಇಲ್ಲದವರಿಗಾಗಿ ಆರು ತಿಂಗಳ ಪೂರ್ವಸಿದ್ಧತಾ ಶಿಕ್ಷಣವನ್ನು ಏರ್ಪಡಿಸಿತು. ಆದರೆ ಅಂಚೆಯಲ್ಲಿ ಪುಸ್ತಕ ಬಂದರೆ ಸಾಕೆ? ದುಡಿದು ದಣಿದವರಿಗೆ ಎದುರು ನಿಂತು ಕಲಿಸುವ ಅಧ್ಯಾಪಕರು ಬೇಡವೆ? ಮೈಸೂರಿನ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದ ಮಾನ್ಯತೆಯನ್ನು ಯು.ಜಿ.ಸಿ. 2015ರಲ್ಲಿ ಹಿಂತೆಗೆದುಕೊಂಡು 2018ರಲ್ಲಿ ಮರಳಿ ಕೊಟ್ಟಿತು. ನಡುವೆ ಪರದಾಡಿದವರು ವಿದ್ಯಾರ್ಥಿಗಳು.

ಅರ್ಹತೆಯಿಲ್ಲದವರನ್ನು ಸೇರಿಸಿಕೊಂಡರೆ ವಿದ್ಯೆಯ ಮಟ್ಟ ಇಳಿಯುತ್ತದೆ ಎನ್ನುವ ಪಂಡಿತರಿದ್ದಾರೆ. ಪರೀಕ್ಷೆಯನ್ನು ಸಡಿಲಿಸಿರೆಂದು ನಾವು ಕೇಳುತ್ತಿಲ್ಲ. ಅದಕ್ಕೆ ಸಿದ್ಧರಾಗಲು ಒಂದು ವರ್ಷ ಕೊಡಿರೆನ್ನುತ್ತೇವೆ. ಉಳ್ಳವರ ಮಕ್ಕಳಿಗೆ ಟ್ಯೂಶನ್ ಕೊಡಿಸಿದಾಗ ಇಳಿಯದ ಮಟ್ಟ, ಬೀಡಿ ಕಟ್ಟುವ ಕೈ ಪುಸ್ತಕ ಹಿಡಿದಾಗ ಮಾತ್ರ ಹೇಗೆ ಇಳಿದೀತು?

ನಮ್ಮ ಬೇಡಿಕೆ ಸರಳ. ಮೂರೂ ತಾಲೂಕುಗಳ ಸರಕಾರಿ ಕಾಲೇಜುಗಳಲ್ಲಿ ಸಂಜೆಯ ಹೊತ್ತು, ಕನ್ನಡದಲ್ಲಿ, ಶುಲ್ಕವಿಲ್ಲದೆ ಒಂದು ಅಡಿಪಾಯ ವರ್ಷ ನಡೆಯಲಿ. ಅದರಲ್ಲಿ ತೇರ್ಗಡೆಯಾದವರಿಗೆ ಮಂಗಳೂರು ವಿಶ್ವವಿದ್ಯಾನಿಲಯ ಪ್ರವೇಶ ಕೊಡಲಿ. ಆ ಪದವಿ ಸರಕಾರಿ ನೌಕರಿಗೂ ಸಲ್ಲುವುದೆಂದು ಸರಕಾರ ಮೊದಲೇ ಬರೆದುಕೊಡಲಿ.

ಬಂಧುಗಳೇ, ಓಟು ಕೇಳಲು ಬಂದವರ ಮುಂದೆ ಈ ಪ್ರಶ್ನೆಯಿಡಿ. ಉತ್ತರ ಬರುವ ತನಕ ಬಿಡಬೇಡಿ.