ಪೆಟ್ಟಿಗೆಯೊಳಗಿನ ಹಳೆಯ ಪುಟ

ಮಕ್ಕಳೇ, ಮನೆಯಲ್ಲಿ 50 ರೂಪಾಯಿಯ ನೀಲಿ ನೋಟಿದ್ದರೆ ತಿರುಗಿಸಿ ನೋಡಿ. ನಮ್ಮ ಹಂಪಿಯ ಕಲ್ಲಿನ ರಥ ಕಾಣುತ್ತದೆ. ಈಗ ಆ ರಥದ ನೆತ್ತಿ ಬೋಳು. 1856ರಲ್ಲಿ ಮದ್ರಾಸ್ ಸೇನೆಯ ಅಲೆಗ್ಸಾಂಡರ್ ಗ್ರೀನ್‌ಲಾ ತೆಗೆದ ಫೋಟೋದಲ್ಲಿ ಅದೇ ರಥದ ಮೇಲೆ ಇಟ್ಟಿಗೆಯ ಶಿಖರವಿದೆ. ಶಿಖರ ಹೋಯಿತು, ಚಿತ್ರ ಉಳಿಯಿತು.

ಕಂಪ್ಯೂಟರಿನಲ್ಲೂ ಇಂಥದೊಂದು ಚಿತ್ರ ಉಂಟು. ಹೆಸರು ಸ್ನ್ಯಾಪ್‌ಶಾಟ್. ಹೊಸಪೇಟೆಯ ನಮ್ಮ ಮನೆಯಲ್ಲಿ ಟಿವಿ ಪಕ್ಕ ನ್ಯಾಸ್ ಎಂಬ ಪೆಟ್ಟಿಗೆ ಇದೆ, ಊಟದ ಡಬ್ಬಿಯಷ್ಟು ದೊಡ್ಡದು. ಒಳಗೆ ಎರಡು ಹಾರ್ಡ್‌ಡಿಸ್ಕ್. ಮನೆಮಂದಿಯ ಫೋಟೋ, ಕಾಗದಪತ್ರ ಎಲ್ಲ ವೈ-ಫೈ ಮೂಲಕ ಅಲ್ಲಿಗೇ ಸೇರುತ್ತವೆ. ಉಸ್ತುವಾರಿ ನನ್ನದು. ನಿವೃತ್ತ ಗುಮಾಸ್ತನಿಗೆ ಇನ್ನೇನು ಕೆಲಸ!

ಬ್ಯಾಂಕಿನ ಲೆಡ್ಜರಿನಲ್ಲಿ ನಾವು ರಬ್ಬರ್ ಮುಟ್ಟುತ್ತಿರಲಿಲ್ಲ. ತಪ್ಪಾದರೆ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದ ಅಂಕಿ ಬರೆದು, ಚಿಕ್ಕ ಸಹಿ ಹಾಕಬೇಕು. ಹಳೆಯ ಅಂಕಿ ಓದಲು ಸಿಗಬೇಕು. ಸ್ನ್ಯಾಪ್‌ಶಾಟಿನ ನಡೆಯೂ ಇದೇ. ತೆಗೆದ ಕ್ಷಣ ಅದು ಫೈಲುಗಳನ್ನು ನಕಲು ಮಾಡುವುದಿಲ್ಲ, ಆದ್ದರಿಂದ ಹೆಚ್ಚು ಜಾಗವೂ ಬೇಡ. ಆಮೇಲೆ ನೀವು ಫೈಲು ತಿದ್ದಿದರೂ ಅಳಿಸಿದರೂ ಹಳೆಯ ಪುಟವನ್ನು ಮಾತ್ರ ಬಿಟ್ಟುಕೊಡದೆ ಹಿಡಿದಿಟ್ಟಿರುತ್ತದೆ.

ಇದು ತಿಳಿದೂ ಕಳೆದ ತಿಂಗಳು ಎಡವಿದೆ. ಪೆಟ್ಟಿಗೆ ತುಂಬುತ್ತಾ ಬಂದಿದೆ ಎಂದು ಎಚ್ಚರಿಕೆ ಬಂತು. ಒಂದೇ ಮದುವೆಯ ವಿಡಿಯೋ ಮೂರು ಮೂರು ಪ್ರತಿ ಇದ್ದವು. ಹೆಸರಿನಲ್ಲಿ 'ಕಾಪಿ' ಎಂದು ಕಂಡ ಫೋಲ್ಡರುಗಳನ್ನೆಲ್ಲ ಒಂದೇ ಬೆಳಿಗ್ಗೆ ಅಳಿಸಿದೆ. ಜಾಗ ಬರಲಿಲ್ಲ. ಬರುವುದಾದರೂ ಹೇಗೆ? ಸ್ನ್ಯಾಪ್‌ಶಾಟ್‌ಗಳು ಹಿಡಿದುಕೊಂಡಿದ್ದವಲ್ಲ. ಸರಿ, ಅವನ್ನೂ ತೆಗೆದುಬಿಡೋಣ ಎಂದು ಎಲ್ಲಕ್ಕೂ ಟಿಕ್ ಹಾಕಿದೆ.

"ತಡೀರಿ ತಾತ! ಒಳಗೇನೈತಿ ಅಂತ ನೋಡ್ದೇ ತೆಗೀತೀರೇನು?" ಎಂದಳು ಏಳನೇ ಕ್ಲಾಸಿನ ಮೊಮ್ಮಗಳು.

ಹಿಂದಿನ ರಾತ್ರಿಯ ಸ್ನ್ಯಾಪ್‌ಶಾಟ್ ತೆರೆದು, ಈಗಿನ ಫೋಲ್ಡರುಗಳ ಜೊತೆ ಒಂದೊಂದೇ ಟ್ಯಾಲಿ ಮಾಡಿದೆವು. 'ಆಡಿಯೋ ಕಾಪಿ 2' ಎಂಬುದು ಈಗಿನ ಪಟ್ಟಿಯಲ್ಲಿಲ್ಲ. ತೆರೆದರೆ ಕಂಪ್ಲಿಯ ನನ್ನ ಅಕ್ಕನ ದನಿ! ಬೀಸುವ ಕಲ್ಲಿನ ಪದಗಳು, ಹೊಳೆ ಉಕ್ಕಿ ಬಂದ ವರ್ಷದ ಕಥೆ, ನಡುವೆ ಕೆಮ್ಮು, "ಚಾ ಆರ್ತೈತಿ, ಕುಡಿಯೋ" ಎಂಬ ಗದರಿಕೆ. ಅಕ್ಕ ಹೋಗಿ ಎರಡು ವರ್ಷ. ರೆಕಾರ್ಡ್ ಮಾಡಿದ ಫೋನೂ ಕೆಟ್ಟಿದೆ. ಬೇರೆ ಪ್ರತಿ ಎಲ್ಲಿಯೂ ಇರಲಿಲ್ಲ. ನನ್ನ ಕೈ ನಡುಗುತ್ತಿತ್ತು. ಮಗು ನೀರು ತಂದುಕೊಟ್ಟಳು.

ಇಡೀ ಪೆಟ್ಟಿಗೆಯನ್ನೇ ಹಿಂದಿನ ರಾತ್ರಿಗೆ ಮರಳಿಸುವ ಬಟನ್ನೂ ಇದೆ. ಅದನ್ನು ಒತ್ತಲಿಲ್ಲ. ಒತ್ತಿದ್ದರೆ ಬೆಳಿಗ್ಗೆ ಸೊಸೆ ಸೇರಿಸಿದ ಕಾಗದಪತ್ರ ಹೋಗುತ್ತಿತ್ತು. ಅಕ್ಕನ ಫೋಲ್ಡರೊಂದನ್ನೇ ಎಳೆದು ಈಚೆ ಹಾಕಿಕೊಂಡೆವು.

ಆಗ ಹೊಳೆದದ್ದು ಇನ್ನೊಂದು. ಸ್ನ್ಯಾಪ್‌ಶಾಟ್ ಇರುವುದೂ ಅದೇ ಡಿಸ್ಕಿನಲ್ಲಿ. ಸಿಡಿಲು ಬಡಿದೋ ಕರೆಂಟು ಏರಿಳಿದೋ ಪೆಟ್ಟಿಗೆ ಸುಟ್ಟರೆ ಫೈಲೂ ಇಲ್ಲ, ಅದರ ಹಳೆಯ ಪುಟವೂ ಇಲ್ಲ. ಲೆಡ್ಜರು, ಅದರ ನಕಲು ಎರಡನ್ನೂ ಒಂದೇ ಕಪಾಟಿನಲ್ಲಿಟ್ಟಂತೆ. ಹಾಗಾಗಿ ಬೇಕಾದದ್ದನ್ನೆಲ್ಲ ಮೊದಲು ಬೇರೊಂದು ಡಿಸ್ಕಿಗೆ ಕಾಪಿ ಮಾಡಿ, ಆಮೇಲೆ ಹಳೆಯ ಸ್ನ್ಯಾಪ್‌ಶಾಟ್‌ಗಳನ್ನು ತೆಗೆದೆವು. ನಾಲ್ಕು ತೆಗೆದರೂ ಜಾಗ ಬರಲಿಲ್ಲ, ಐದು ತೆಗೆದರೂ ಬರಲಿಲ್ಲ. ಮದುವೆ ವಿಡಿಯೋ ಹಿಡಿದಿದ್ದ ಕಟ್ಟಕಡೆಯದು ಹೋದಾಗಲೇ ಒಮ್ಮೆಲೇ ಬಂತು. ಈಗ ದಿನಕ್ಕೊಂದರಂತೆ 14, ವಾರಕ್ಕೊಂದರಂತೆ 8 ಇಡಲು ಹೇಳಿದ್ದೇವೆ. ಅದಕ್ಕಿಂತ ಹಳೆಯದನ್ನು ಪೆಟ್ಟಿಗೆಯೇ ತೆಗೆಯುತ್ತದೆ, ನನ್ನ ಟಿಕ್ ಬೇಕಿಲ್ಲ.

ಕಾಪಿ ಮಾಡಿದ ಡಿಸ್ಕನ್ನು ಹಳೆ ಟವೆಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋಗಿ, ಸಂಡೂರಿನ ಮಗಳ ಮನೆಯ ಬೀರುವಿನಲ್ಲಿ ಇಟ್ಟು ಬಂದೆ. ಮನೆಗೆ ಬರುವಷ್ಟರಲ್ಲಿ ಮೊಮ್ಮಗಳು ಆ ಫೋಲ್ಡರಿನ ಹೆಸರು ಬದಲಿಸಿದ್ದಳು: 'ಕಂಪ್ಲಿ ಅಜ್ಜಿ. ತಾತ ಮುಟ್ಟಬಾರದು.'