ಟ್ಯಾಂಕ್ ಅಂದ್ರೆ ಸೋಫಾ ಅಲ್ಲ ಮಗಾ! (ಭಾಗ 4)

"ಟ್ಯಾಂಕನ್ನೂ ಅದೇ ಗಾಡೀಲಿ ಹಾಕ್ಬಿಡೋಣ" ಅಂದ್ರು ಅಪ್ಪ. ಬೇಡ ಅಂತ ಹಟ ಹಿಡಿದೆ. ಹೋದ ಸಲ ಮನೆ ಬದಲಿಸಿದಾಗ ಹಾಗೇ ಮಾಡಿ, ಮೂರನೇ ದಿನ ನನ್ನ ಕ್ಲೌನ್ ಮೀನು ಸತ್ತು ತೇಲಿತ್ತು.

ರೀಫ್ ಟ್ಯಾಂಕಿನ ಜೀವ ಇರೋದು ನೀರಲ್ಲಿ ಅಲ್ಲ, ಕಲ್ಲಲ್ಲಿ. ಮೀನಿನ ಗಲೀಜಿನ ಅಮೋನಿಯಾವನ್ನು ನೈಟ್ರೇಟ್ ಮಾಡೋ ಬ್ಯಾಕ್ಟೀರಿಯಾ ಹೆಚ್ಚಾಗಿ ಅಲ್ಲೇ ಅಂಟಿಕೊಂಡಿರುತ್ತವೆ. ಕಲ್ಲು ಒಣಗಿದರೆ ಅವು ಸಾಯ್ತವೆ, ಒಳಗಿನ ಹುಳುಗಳೂ ಕೊಳೆತು ಅಮೋನಿಯಾ ಏರುತ್ತೆ. ಹಳೇ ಮರಳಂತೂ ಇನ್ನೂ ಅಪಾಯ. ವರ್ಷಗಟ್ಟಲೆ ತಳದಲ್ಲಿ ಕೂತ ಕೊಳೆ ಕದಡಿದರೆ ಮೀನಿಗೆ ವಿಷ.

ಅದಕ್ಕೇ ನನ್ನ ವಾದ: ಮನೆ ಸಾಮಾನು ಒಂದು ದಿನ, ಟ್ಯಾಂಕ್ ಇನ್ನೊಂದು ದಿನ. ಹೊಸ ಮನೇಲಿ ಮುಂಚೆನೇ ಉಪ್ಪುನೀರು ಕಲಸಿಟ್ಟು, ಸಾಂದ್ರತೆ 1.025, ಬಿಸಿ 25–26 ಡಿಗ್ರಿಗೆ ತನ್ನಿ. ಕಲ್ಲು, ಮೃದು ಹವಳ, ಮೀನು ಬೇರೆ ಬೇರೆ ಡಬ್ಬಿಗಳಲ್ಲಿ, ಹಳೇ ನೀರಲ್ಲೇ ಮುಳುಗಿರಲಿ. ಮೀನಿಗೆ ಬ್ಯಾಟರಿ ಏರ್ ಪಂಪ್ ಇರಲಿ. ಮರಳು ಮಾತ್ರ ಹೊಸದೇ ಹಾಕಿ.

ಇನ್ನೊಂದು ಕಹಿ ಮಾತು. ಬೆಂಗಳೂರಲ್ಲಿ ನಮ್ಮದು 11 ತಿಂಗಳ ಅಗ್ರಿಮೆಂಟಿನ ಬಾಡಿಗೆ ಮನೆ. ಓನರ್ ಖಾಲಿ ಮಾಡಿ ಅಂದಾಗಲೆಲ್ಲ ಪಣಕ್ಕಿಡೋದು ಅವುಗಳ ಜೀವ. ನೆಲೆ ಇಲ್ಲದೋರು ದೊಡ್ಡ ಟ್ಯಾಂಕಿನ ಆಸೆ ಬಿಡಬೇಕು. ನನ್ನನ್ನೂ ಸೇರಿಸೇ ಹೇಳ್ತಿದೀನಿ.