ಬಾವುಟ ಎಣಿಸೋದು ಬಿಡಿ, ಕಿಲೋಮೀಟರ್ ಎಣಿಸಿ

ಮೊದಲೇ ಹೇಳಿಬಿಡ್ತೀನಿ, ಇದು ಜಗಳದ ಬರಹ. ಹ್ಯಾಮ್ ರೇಡಿಯೋ ಗಂಧಗಾಳಿ ಇಲ್ಲದವರೂ ಓದಬಹುದು. ಯಾಕಂದ್ರೆ ನನ್ನ ಜಗಳ ರೇಡಿಯೋ ಜೊತೆ ಅಲ್ಲ, ಲೆಕ್ಕದ ಜೊತೆ.

ಸ್ವಲ್ಪ ಹಿನ್ನೆಲೆ. ಹವ್ಯಾಸಿ ರೇಡಿಯೋದವರಿಗೆ ಸಿಕ್ಕಿರೋ ಬ್ಯಾಂಡುಗಳಲ್ಲಿ 160 ಮೀಟರ್ ಅಂತ ಒಂದಿದೆ. ಆಕಾಶವಾಣಿಯ ಮೀಡಿಯಂ ವೇವ್ ಮುಗಿದ ಮೇಲೆ, 1.8 ಮೆಗಾಹರ್ಟ್ಸ್ ಹತ್ತಿರ ಶುರುವಾಗುತ್ತೆ. ಹಗಲಲ್ಲಿ ಅಯಾನುಗೋಳದ ಕೆಳಗಿನ ಡಿ ಪದರ ಈ ಅಲೆಗಳನ್ನ ನುಂಗಿ ನೀರು ಕುಡಿಯುತ್ತೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗಿ, ಅಲೆಗಳು ಇನ್ನೂ ಮೇಲೆ ಹೋಗಿ ಬಾಗಿ ಸಾವಿರಾರು ಕಿಲೋಮೀಟರ್ ಆಚೆ ಇಳಿಯುತ್ತವೆ. ಚಳಿಗಾಲದಲ್ಲಿ ರಾತ್ರಿ ಉದ್ದ, ಗುಡುಗು ಸಿಡಿಲಿನ ಚಟಪಟ ಸದ್ದು ಕಡಿಮೆ. ಅದಕ್ಕೇ ಈ ಬ್ಯಾಂಡಿನ ದೊಡ್ಡ ಸ್ಪರ್ಧೆಗಳು ಡಿಸೆಂಬರ್‌ನಿಂದ ಫೆಬ್ರವರಿ ಒಳಗೆ ನಡೆಯುತ್ತವೆ. ನಿಗದಿತ ಅವಧಿಯಲ್ಲಿ ಯಾರು ಎಷ್ಟು ಸ್ಟೇಷನ್‌ಗಳ ಜೊತೆ ಮಾತಾಡಿದರು ಅನ್ನೋದೇ ಸ್ಪರ್ಧೆ.

ಇವುಗಳಲ್ಲಿ ಹೆಸರುವಾಸಿ ಸಿಕ್ಯೂ 160. ಜನವರಿಯ ಕೊನೆಯ ವಾರಾಂತ್ಯ ಮೋರ್ಸ್‌ನಲ್ಲಿ, ಫೆಬ್ರವರಿಯ ಕೊನೆಯ ವಾರಾಂತ್ಯ ಮಾತಿನಲ್ಲಿ. ಅದರ ಅಂಕದ ಲೆಕ್ಕ ಹೀಗಿದೆ: ನಿಮ್ಮದೇ ದೇಶದ ಸ್ಟೇಷನ್ ಸಿಕ್ಕರೆ 2 ಅಂಕ, ಅದೇ ಖಂಡದ ಬೇರೆ ದೇಶ ಸಿಕ್ಕರೆ 5, ಬೇರೆ ಖಂಡ ಸಿಕ್ಕರೆ 10. ಒಟ್ಟು ಅಂಕವನ್ನ ನೀವು ಹಿಡಿದ ದೇಶಗಳು, ಅಮೆರಿಕದ ರಾಜ್ಯಗಳು ಮತ್ತು ಕೆನಡಾದ ಪ್ರಾಂತ್ಯಗಳ ಸಂಖ್ಯೆಯಿಂದ ಗುಣಿಸುತ್ತಾರೆ. ಈ ಸಂಖ್ಯೆಗೇ ಮಲ್ಟಿಪ್ಲೈಯರ್ ಅಂತ ಹೆಸರು.

ಕೇಳೋಕೆ ಸರಿಯಾಗೇ ಇದೆ ಅಲ್ವಾ? ಈಗ ಭೂಪಟ ತೆಗೀರಿ.

ವಿಯೆನ್ನಾದಿಂದ ಬ್ರಾಟಿಸ್ಲಾವಾ ಸುಮಾರು 55 ಕಿಮೀ, ಬೆಂಗಳೂರಿಂದ ರಾಮನಗರ ದಾಟಿ ಚನ್ನಪಟ್ಟಣಕ್ಕೆ ಹೋದಷ್ಟು. ದೇಶ ಬೇರೆ, ಹಾಗಾಗಿ 5 ಅಂಕ. ಬೆಂಗಳೂರಿಂದ ದೆಹಲಿ ಸುಮಾರು 1,740 ಕಿಮೀ. ದೇಶ ಒಂದೇ, ಹಾಗಾಗಿ 2 ಅಂಕ! ಬೆಂಗಳೂರಿಂದ ಟೋಕಿಯೋ 6,600 ಕಿಮೀಗೂ ಹೆಚ್ಚು. ಆದರೆ ಎರಡೂ ಏಷ್ಯಾ, ಹಾಗಾಗಿ 5 ಅಂಕ, ವಿಯೆನ್ನಾದವನು ಪಕ್ಕದೂರಿಗೆ 'ಹಲೋ' ಅಂದಷ್ಟೇ. ಇನ್ನೂ ತಮಾಷೆ ಬೇಕಾ? ಸ್ಪೇನ್ ಮತ್ತು ಮೊರಾಕ್ಕೋ ನಡುವಿನ ಜಿಬ್ರಾಲ್ಟರ್ ಜಲಸಂಧಿ ಅತಿ ಕಿರಿದಾದ ಕಡೆ ಬರೀ 14 ಕಿಮೀ. ಈ ದಡದವನು ಆ ದಡದವನ ಜೊತೆ ಮಾತಾಡಿದರೆ 10 ಅಂಕ. ಖಂಡಾಂತರ ಸಂಪರ್ಕ ಸ್ವಾಮಿ!

ಮಲ್ಟಿಪ್ಲೈಯರ್ ಕಥೆಯೂ ಅಷ್ಟೇ. ನಮ್ಮ ತುಮಕೂರು ಜಿಲ್ಲೆಯ ಅರ್ಧವೂ ಇಲ್ಲದ ರೋಡ್ ಐಲೆಂಡ್ ಒಂದು ಮಲ್ಟಿಪ್ಲೈಯರ್. ಕರ್ನಾಟಕ, ರಾಜಸ್ಥಾನ, ಅಸ್ಸಾಂ, ಕಾಶ್ಮೀರ ಎಲ್ಲ ಸೇರಿ ಒಂದು. ಅಂಡಮಾನ್ ಮತ್ತು ಲಕ್ಷದ್ವೀಪ ಮಾತ್ರ ಬೇರೆ ಲೆಕ್ಕ. ಡಿಸೆಂಬರ್‌ನಲ್ಲಿ ನಡೆಯೋ ಅಮೆರಿಕದ ಎಆರ್‌ಆರ್‌ಎಲ್ 160 ಮೀಟರ್ ಸ್ಪರ್ಧೆಯಲ್ಲಂತೂ ನಾವು ಅಮೆರಿಕ, ಕೆನಡಾ ಸ್ಟೇಷನ್‌ಗಳನ್ನ ಮಾತ್ರ ಹಿಡಿಯಬೇಕು. ನ್ಯೂಯಾರ್ಕ್ ನಮ್ಮಿಂದ 13 ಸಾವಿರ ಕಿಮೀಗೂ ಹೆಚ್ಚು. ಅದು ಅವರ ಸಂಸ್ಥೆ, ಅವರ ಮನೆ ಹಬ್ಬ, ನನ್ನ ತಕರಾರಿಲ್ಲ. ಆದರೆ ಸಿಕ್ಯೂ 160 ವಿಶ್ವಮಟ್ಟದ ಸ್ಪರ್ಧೆ ಅಂತ ಹೇಳಿಕೊಳ್ಳುತ್ತೆ. ಜಗಳ ಅಲ್ಲಿ.

ಇದರಿಂದ ನಷ್ಟ ಯಾರಿಗೆ? ಬೆಂಗಳೂರಿನ 30x40 ಸೈಟಿನ ಮನೆಯ ಹುಡುಗನಿಗೆ. ಈ ಬ್ಯಾಂಡಿಗೆ ಅರ್ಧ ಅಲೆಯುದ್ದದ ತಂತಿ ಅಂದ್ರೆ ಸುಮಾರು 80 ಮೀಟರ್. ಅವನ ಸೈಟು 12 ಮೀಟರ್ ಉದ್ದ! ತಾರಸಿ ಮೇಲೆ ತಂತಿಯನ್ನ ಮಡಚಿ, ತಿರುಚಿ, ಕಾಯಿಲ್ ಸುತ್ತಿ ಹೇಗೋ ಟ್ಯೂನ್ ಮಾಡಬೇಕು. ಅದರ ಮೇಲೆ ಅಕ್ಕಪಕ್ಕದ ಎಲ್‌ಇಡಿ ಬಲ್ಬು, ಯುಪಿಎಸ್‌ಗಳ ಗೊರಗೊರ. ನಮ್ಮ ಅಕ್ಷಾಂಶದಲ್ಲಿ ಜನವರಿ ರಾತ್ರಿ ಹನ್ನೆರಡೂವರೆ ಗಂಟೆ ಹತ್ತಿರ, ಹೆಲ್ಸಿಂಕಿಯವನಿಗೆ 16 ಗಂಟೆ. ಇಷ್ಟೆಲ್ಲದರ ನಡುವೆ ಅವನು ದೆಹಲಿ ಹಿಡಿದರೆ ನಿಜಕ್ಕೂ ಬೆನ್ನು ತಟ್ಟಬೇಕು. ನಿಯಮ ಅವನ ಕೈಗೆ 2 ಅಂಕ ಇಟ್ಟು 'ನಿಮ್ಮವರ ಜೊತೆ ಮಾತಾಡಿ ಟೈಮ್ ವೇಸ್ಟ್ ಮಾಡ್ಬೇಡ' ಅನ್ನುತ್ತೆ. ನಮ್ಮವರು ನಮ್ಮವರನ್ನೇ ಕರೆಯೋದು ದಂಡ ಅನ್ನೋ ಆಟದಲ್ಲಿ ಹೊಸಬರು ಎಷ್ಟು ಚಳಿಗಾಲ ನಿದ್ದೆಗೆಟ್ಟು ಕೂರ್ತಾರೆ ಹೇಳಿ.

ಪರಿಹಾರ ಹೊಸದಾಗಿ ಹುಡುಕಬೇಕಿಲ್ಲ. ಪ್ರತಿ ಡಿಸೆಂಬರ್ ಕೊನೆಗೆ ಸ್ಟ್ಯೂ ಪೆರಿ ಟಾಪ್‌ಬ್ಯಾಂಡ್ ಡಿಸ್ಟೆನ್ಸ್ ಚಾಲೆಂಜ್ ನಡೆಯುತ್ತೆ. ಡಬ್ಲ್ಯೂ1ಬಿಬಿ ಅನ್ನೋ ಕರೆಸಂಕೇತದಿಂದ ದಶಕಗಟ್ಟಲೆ ಇದೇ ಬ್ಯಾಂಡಿನಲ್ಲಿ ಕೆಲಸ ಮಾಡಿದ ಸ್ಟ್ಯೂ ಪೆರಿ ನೆನಪಿನ ಸ್ಪರ್ಧೆ. ಇಲ್ಲಿ ಭೂಮಿಯನ್ನ 2 ಡಿಗ್ರಿ ರೇಖಾಂಶ, 1 ಡಿಗ್ರಿ ಅಕ್ಷಾಂಶದ ಚೌಕಗಳಾಗಿ ಹಂಚಿದ ಗ್ರಿಡ್ ಬಳಸ್ತಾರೆ. ಬೆಂಗಳೂರಿನ ಬಹುಭಾಗ ಮತ್ತು ಮೈಸೂರು ಎರಡೂ ಎಂಕೆ82, ಯಲಹಂಕ ಮಾತ್ರ ಎಂಕೆ83 :) ಪ್ರತಿ ಸಂಪರ್ಕಕ್ಕೆ 1 ಅಂಕ, ಮೇಲೆ ಪ್ರತಿ 500 ಕಿಮೀಗೆ ಇನ್ನೊಂದು. ದೆಹಲಿಗೆ 4 ಅಂಕ. ಟೋಕಿಯೋಗೆ 14. ವಿಯೆನ್ನಾ, ಬ್ರಾಟಿಸ್ಲಾವಾ ಒಂದೇ ಚೌಕದಲ್ಲಿವೆ, ಅವರಿಗೆ 1. ಎದುರಿನವನು ಕಡಿಮೆ ಪವರ್‌ನವನಾದರೆ ಆ ಸಂಪರ್ಕದ ಬೆಲೆ ಇನ್ನೂ ಹೆಚ್ಚು. ಅಂದ್ರೆ ಕ್ಷೀಣ ಸದ್ದನ್ನ ಕಿವಿಗೊಟ್ಟು ಕೇಳಿದವನಿಗೆ ಬಹುಮಾನ. ಈ ಬ್ಯಾಂಡಿನ ಜೀವ ಇರೋದೇ ಅದರಲ್ಲಿ.

'ದೇಶ ಬೇಟೆಯಲ್ಲೇ ಮಜಾ ಇರೋದು' ಅಂತಾರೆ ಹಿರಿಯರು. 'ಭಾರತ ಅಪರೂಪದ ಮಲ್ಟಿಪ್ಲೈಯರ್, ನಿಮ್ಮನ್ನ ಹಿಡಿಯೋಕೆ ಯುರೋಪೇ ಮುಗಿಬೀಳುತ್ತೆ, ಲಾಭ ನಿಮಗೇ ಅಲ್ವೇನಯ್ಯಾ?' ಮುಗಿಬೀಳ್ತಾರೆ ನಿಜ. ಅವರಿಗೆ ಬೇಕಾಗಿರೋದು ಭಾರತದ ಹೆಸರು. ಒಂದು ಸಲ ಸಿಕ್ಕಿತೋ, ಎರಡನೇ ಭಾರತೀಯ ಸ್ಟೇಷನ್‌ನಿಂದ ಅವರ ಮಲ್ಟಿಪ್ಲೈಯರ್ ಏರಲ್ಲ. ದೊಡ್ಡ ಆಂಟೆನಾದವನು ಮೊದಲು ಸಿಕ್ತಾನೆ, ತಾರಸಿ ಹುಡುಗನ ಅವಸರ ಯಾರಿಗೂ ಇರಲ್ಲ. ದೂರ ಎಣಿಸಿದರೆ ಹತ್ತನೆಯವನಿಗೂ ಮೊದಲನೆಯವನಷ್ಟೇ ಬೆಲೆ.

ಇನ್ನು ಕೆಲವರು 'ದೂರ ಒಂದೇ ಕಷ್ಟದ ಅಳತೆ ಅಲ್ಲ, ಧ್ರುವದ ಹತ್ತಿರದ ಹಾದಿ ಬೇರೆ, ಸಮುದ್ರದ ಹಾದಿ ಬೇರೆ' ಅಂತಾರೆ. ಒಪ್ಪಿದೆ. ಅಂಕುಡೊಂಕು ಸ್ಕೇಲಿನಿಂದ ಅಳೆದರೂ ಅಳತೆ ಅನ್ನಬಹುದು. ರಾಜರು, ಯುದ್ಧಗಳು, ಒಪ್ಪಂದಗಳು ಎಳೆದ ಗಡಿಗೆರೆಯಿಂದ ರೇಡಿಯೋ ಅಲೆ ಅಳೆಯೋದಕ್ಕೆ ಏನನ್ನೋಣ? ಡಿ ಪದರಕ್ಕೆ ಪಾಸ್‌ಪೋರ್ಟ್ ಇಲ್ಲ.

'ಲೆಕ್ಕ ಕಷ್ಟ' ಅನ್ನೋ ಕಾಲವೂ ಹೋಯ್ತು. ಲಾಗ್‌ಗಳೆಲ್ಲ ಫೈಲ್ ಆಗಿ ಕಂಪ್ಯೂಟರಿಗೇ ಹೋಗುತ್ತವೆ. ಎರಡು ಗ್ರಿಡ್‌ಗಳ ನಡುವಿನ ದೂರ ಹತ್ತು ಹದಿನೈದು ಸಾಲಿನ ಕೋಡ್, ಕಾಲೇಜು ಹುಡುಗರೂ ಬರೀತಾರೆ. ಗ್ರಿಡ್ ಕಳಿಸೋಕೆ ಸಮಯ? ಈಗ ಎಲ್ಲರೂ ಸಿಗ್ನಲ್ ಹೇಗಿದ್ದರೂ 599 ಅಂತ ಕಣ್ಣುಮುಚ್ಚಿ ಕುಟ್ಟುತ್ತಾರಲ್ಲ, 'ಭಯಂಕರ ಚೆನ್ನಾಗಿ ಕೇಳ್ತಿದೀಯ' ಅಂತ ಅದರರ್ಥ. ಕೇಳದವನಿಗೆ ನಾಲ್ಕು ಸಲ ರಿಪೀಟ್ ಮಾಡಿಸಿ ಕೊನೆಗೆ 599! ಆ ಸುಳ್ಳನ್ನ ಬಿಟ್ಟು ಅದೇ ಜಾಗದಲ್ಲಿ ನಾಲ್ಕಕ್ಷರದ ಗ್ರಿಡ್ ಕಳಿಸಿ.

ನಿಯಮ ಬದಲಾಗೋವರೆಗೆ ನಮ್ಮ ಕೈಲಾಗೋದು ಒಂದಿದೆ. ಡಿಸೆಂಬರ್ ಕೊನೆಯ ಆ ಸ್ಪರ್ಧೆಗೆ ತಂತಿ ಎಳೀರಿ, ಬೆಂಗಳೂರು ದೆಹಲಿಯನ್ನ, ದೆಹಲಿ ಕೋಲ್ಕತ್ತಾವನ್ನ ಕರೀಲಿ, ಹತ್ತೇ ಸಂಪರ್ಕ ಆದ್ರೂ ಲಾಗ್ ಕಳಿಸಿ. ದೂರ ಎಣಿಸೋ ಆಟಕ್ಕೆ ಜನ ಹೆಚ್ಚಾದರೆ ಬಾವುಟ ಎಣಿಸೋರು ತಾವಾಗೇ ದಾರಿಗೆ ಬರ್ತಾರೆ.

73.